ಚಿಕ್ಕಮ್ಮನ ಕೆರಿಬಿಯನ್ ಪಕ್ಷ

ನಮ್ಮ ಚಿಕ್ಕಮ್ಮ ರಾಜಕೀಯದಲ್ಲಿದ್ದಾಳೆ ಅಂದರೆ ಸಿಂಗಪುರದ ಕನ್ನಡದವರಿಗೆ ಮೊದಲು ಗಾಬರಿಯಾಗುತ್ತಿತ್ತು. "ಅಯ್ಯೋ, ಬಂದ ಊರಲ್ಲಿ ಅದೆಲ್ಲ ಯಾಕ್ರೀ?" ಅನ್ನುವರು. ಇಲ್ಲಿಯ ರಾಜಕೀಯ ಅಲ್ಲ ಅಂದರೆ, "ಓ, ಬೆಂಗಳೂರಿಂದಾ?" ಅದೂ ಅಲ್ಲ ಅಂದರೆ, "ಹಾಗಾದ್ರೆ ಡೆಲ್ಲಿ ಲೆವೆಲ್ಲು!" ಅಂತ ದನಿ ತಗ್ಗಿಸಿ ಗೌರವ ಕೊಡುವರು. ನಿಜ ಹೇಳಿದರೆ ಯಾರು ನಂಬಬೇಕು?

ಕೆರಿಬಿಯನ್ ಸಮುದ್ರದಲ್ಲಿ ಒಂದು ದ್ವೀಪ. ಭೂಪಟದಲ್ಲಿ ನೋಡಿದರೆ ಸೊಳ್ಳೆ ಕೂತಿರಬೇಕು ಅಂತ ಕೈಯಲ್ಲಿ ಒರೆಸಬೇಕು, ಅಷ್ಟು ಸಣ್ಣದು. ಆ ದ್ವೀಪದಲ್ಲಿ ಒಂದು ಪಕ್ಷ. ಅದು ದ್ವೀಪಕ್ಕಿಂತ ಸಣ್ಣದು. ಅಲ್ಲಿಯ ಶಾಸನಸಭೆಯಲ್ಲಿ ಅದಕ್ಕಿದ್ದದ್ದು ಒಂದೇ ಒಂದು ಸೀಟು. ಆ ಪಕ್ಷದ ಏಷ್ಯಾ ಘಟಕದ ಅಧ್ಯಕ್ಷೆ, ಕಾರ್ಯದರ್ಶಿ, ತಾರಾ ಪ್ರಚಾರಕಿ, ಕುರ್ಚಿ ಜೋಡಿಸುವ ಕಾರ್ಯಕರ್ತೆ ಎಲ್ಲವೂ ನಮ್ಮ ಚಿಕ್ಕಮ್ಮನೇ. ಘಟಕದ ಕೇಂದ್ರ ಕಚೇರಿ ಸಿಂಗಪುರದ ಸೆರಂಗೂನಿನಲ್ಲಿ ಅವರ ಫ್ಲಾಟಿನ ಡೈನಿಂಗ್ ಟೇಬಲ್ಲು!

ಇದು ಶುರುವಾದದ್ದು ಟೊಮ್ಯಾಟೊದಿಂದ. ಚಿಕ್ಕಮ್ಮ ಒಂದು ಶಿಪ್ಪಿಂಗ್ ಕಂಪನಿಯಲ್ಲಿದ್ದಳು. ಎರಡು ಸಾವಿರದ ದಶಕದ ಬೂಮಿನ ವರ್ಷಗಳು. ಸಮುದ್ರದ ಕಡೆ ನೋಡಿದರೆ ನೀರಿಗಿಂತ ಹಡಗೇ ಜಾಸ್ತಿ. ಅವಳ ಕಂಪನಿಯ ಹಡಗು ಯಾವ ಬಂದರಿಗೆ ಹೋದರೂ ಅಲ್ಲೊಬ್ಬ ಏಜೆಂಟ್ ಇರುತ್ತಾನೆ. ಹಡಗಿನವರಿಗೆ ತರಕಾರಿ, ಕುಡಿಯುವ ನೀರು, ಹಲ್ಲು ನೋವಿಗೆ ಡಾಕ್ಟರು, ಎಲ್ಲ ಅವನೇ ಹೊಂದಿಸಬೇಕು. ಆ ದ್ವೀಪದ ಏಜೆಂಟಿನ ಹೆಸರು ರುಫಿನೋ. ಇವಳು ಬೆಳಗ್ಗೆ ಆಫೀಸಿಗೆ ಹೋಗಿ ಕೂತಾಗ ಅವನಿಗೆ ರಾತ್ರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ವರ್ಷಗಟ್ಟಲೆ ಫೋನಿನಲ್ಲಿ ಬರೀ ಟೊಮ್ಯಾಟೊ, ಈರುಳ್ಳಿ, ಹಲ್ಲು ನೋವು.

ಒಂದು ದಿನ ರುಫಿನೋ ಸಂಕೋಚದಿಂದ ಹೇಳಿದನಂತೆ. ಮಾತು ನಡೆದದ್ದು ಇಂಗ್ಲಿಷಿನಲ್ಲಿ, ನಮಗೆ ದಕ್ಕಿದ್ದು ಚಿಕ್ಕಮ್ಮನ ಕನ್ನಡದಲ್ಲಿ. "ಮೇಡಮ್, ನಾನು ಎಲೆಕ್ಷನ್ನಿಗೆ ನಿಲ್ತಾ ಇದೀನಿ. ನಮ್ಮ ಪಕ್ಷ ಕಟ್ಟಿದೋರಿಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಇರೋ ಒಂದು ಸೀಟು ಉಳಿಸ್ಕೋಬೇಕು. ಬೇರೆ ಯಾರೂ ಮುಂದೆ ಬರ್ಲಿಲ್ಲ."

"ಹೇಳಿದ ಟೈಮಿಗೆ ಟೊಮ್ಯಾಟೊ ಕಳಿಸೋ ಮನುಷ್ಯ ನೀವು. ನೀವು ನಿಲ್ಲದೆ ಇನ್ಯಾರು ನಿಲ್ಲಬೇಕು?" ಅಂದಳು ಚಿಕ್ಕಮ್ಮ. ಆವತ್ತೇ ಪಕ್ಷ ಸೇರಿಬಿಟ್ಟಳು. ಪಕ್ಷಕ್ಕೆ ಗೊತ್ತಾಗಿದ್ದು ಆಮೇಲೆ.

ನಾನು ಕೆಲಸ ಮಾಡುತ್ತಿದ್ದದ್ದು ಒನ್-ನಾರ್ತ್ ಅನ್ನುವ ಆಫೀಸು ಬಡಾವಣೆಯಲ್ಲಿ, ಬಾಡಿಗೆಗಿದ್ದದ್ದು ಅವರ ಬ್ಲಾಕಿನ ಎದುರಿಗೆ. ಶನಿವಾರದ ತಿಂಡಿ ಅವರ ಮನೆಯಲ್ಲಿ ಅಂತ ಅಲಿಖಿತ ಒಪ್ಪಂದ. ಆ ವಾರ ಹೋದರೆ ತಿಂಡಿಗೆ ಮೊದಲು ಭಾಷಣ!

"ನಮ್ಮದು ಸೆಂಟರ್-ರೈಟ್ ಪಾರ್ಟಿ" ಅಂದಳು.

"ಹಾಗಂದ್ರೆ?"

ಸೋಫಾದ ನಟ್ಟನಡುವೆ ಕೂತು, ಬಲಗಡೆಯ ದಿಂಬಿಗೆ ಸ್ವಲ್ಪ ಒರಗಿ ತೋರಿಸಿದಳು. "ಇಷ್ಟೇ. ಪೂರ್ತಿ ಆ ಕಡೆ ಬಿದ್ದುಬಿಡಬಾರದು."

"ಆ ದ್ವೀಪ ಸ್ವತಂತ್ರ ದೇಶಾನಾ?"

"ಅಲ್ಲ ಕಣೇ, ಸೆಲ್ಫ್ ಗೌರ್ನಿಂಗ್. ಮೇಲೆ ಯುರೋಪಿನ ರಾಜಮನೆತನ ಇದೆ, ಒಳಗಿನ ಆಡಳಿತ ಇವರದೇ. ನಿನ್ನ ಹಾಗೇ ಅನ್ಕೋ. ಅಡುಗೆ ನಿಂದು, ಫ್ಲಾಟು ಓನರ್‌ದು. ಏನು ಬೇಕಾದ್ರೂ ಬೇಯಿಸ್ಕೋ, ಗೋಡೆಗೆ ಮೊಳೆ ಹೊಡೆಯಂಗಿಲ್ಲ."

ರಾಜ್ಯಶಾಸ್ತ್ರವನ್ನು ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಚಿಕ್ಕಪ್ಪ ಯೂನಿವರ್ಸಿಟಿಯಲ್ಲಿ ಕಾಂಕ್ರೀಟಿನ ಪಾಠ ಮಾಡುವವರು, ಅಷ್ಟೇ ಗಟ್ಟಿ ಮೌನದವರು. ಅವರು ಪೇಪರಿನ ಹಿಂದಿನಿಂದ ಕೇಳಿದರು, "ನಿಮ್ಮ ಪಕ್ಷದ ಕಾರ್ಯಕ್ರಮ ಏನು?"

"ಸಣ್ಣ ಅಂಗಡಿಯೋರಿಗೆ ಟ್ಯಾಕ್ಸ್ ಕಮ್ಮಿ. ಸರ್ಕಾರಿ ಆಫೀಸಲ್ಲಿ ಸುಮ್ಮನೆ ಕೂತಿರೋರೂ ಕಮ್ಮಿ."

"ಹಾಗಾದ್ರೆ ನಾನು ವಿರೋಧ ಪಕ್ಷ" ಅಂದರು ಚಿಕ್ಕಪ್ಪ. "ಸುಮ್ಮನೆ ಕೂತಿರೋರ ಪರ ಯಾರಾದ್ರೂ ಮಾತಾಡ್ಬೇಕಲ್ಲ!"

ಅಲ್ಲಿಗೆ ಮನೆ ಎರಡು ಬಣವಾಯಿತು. ಸಾರಿಗೆ ಉಪ್ಪು ಕಮ್ಮಿಯಾದರೆ ಆಡಳಿತ ವೈಫಲ್ಯ. ಚಿಕ್ಕಪ್ಪ ಫ್ಯಾನ್ ಆರಿಸದೆ ಹೋದರೆ ದುಂದುವೆಚ್ಚದ ಎಡಪಂಥೀಯ ನೀತಿ. ಮಧ್ಯೆ ಕೂತ ನಾನು ಮತದಾರಳು. ನನಗೆ ಎರಡೂ ಕಡೆಯಿಂದ ದೋಸೆ ಬೀಳುತ್ತಿತ್ತು. ಪ್ರಜಾಪ್ರಭುತ್ವದ ನಿಜವಾದ ಲಾಭ ಗೊತ್ತಾಗಿದ್ದೇ ಆಗ!

ಪಕ್ಷದ ಬಣ್ಣ ಹಳದಿ, ಚಿಹ್ನೆ ಮೇಕೆ. ಆ ದ್ವೀಪದಲ್ಲಿ ಎಲ್ಲಿ ನೋಡಿದರೂ ಮೇಕೆಯಂತೆ. ಘಟಕಕ್ಕೊಂದು ಸಮವಸ್ತ್ರ ಬೇಡವೇ? ಲಿಟಲ್ ಇಂಡಿಯಾಕ್ಕೆ ಹೋಗಿ ಹಳದಿ ಟೀ ಶರ್ಟಿನ ಮೇಲೆ ಮೇಕೆ ಪ್ರಿಂಟ್ ಮಾಡಿಸಿಕೊಂಡು ಬಂದಳು. ಅಂಗಡಿಯವನು, "ಆಂಟಿ, ಮಟನ್ ಬಿರಿಯಾನಿ ಹೋಟೆಲ್ ಓಪನ್ ಮಾಡ್ತಿದ್ದೀರಾ?" ಅಂತ ಕೇಳಿದನಂತೆ. ಹುಟ್ಟಾ ಸಸ್ಯಾಹಾರಿ ಚಿಕ್ಕಮ್ಮ ಆವತ್ತು ರಾತ್ರಿ ಊಟ ಮಾಡಲಿಲ್ಲ. ಟೀ ಶರ್ಟ್ ಮಾತ್ರ ಬಿಡಲಿಲ್ಲ. ಅದನ್ನೇ ಹಾಕಿಕೊಂಡು ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದರೆ, ಅಲ್ಲಿ ಕೂತಿರುತ್ತಿದ್ದ ಚೀನೀ ಅಜ್ಜ ದಿನಾ ಹೆಬ್ಬೆರಳೆತ್ತಿ, "ಯುವರ್ ಸೋಡಿಯಾಕ್, ಆ? ಮೀ ಆಲ್ಸೋ ಗೋಟ್, ಲಾ!" ಅನ್ನುತ್ತಿದ್ದ. ಚೀನೀಯರಲ್ಲಿ ಹುಟ್ಟಿದ ವರ್ಷಕ್ಕೊಂದು ಪ್ರಾಣಿ, ಅವನದು ಮೇಕೆ. ಏಷ್ಯಾ ಘಟಕದ ಎರಡನೇ ಸದಸ್ಯ ಸಿಕ್ಕಿದ ಅಂತ ಚಿಕ್ಕಮ್ಮ ದ್ವೀಪಕ್ಕೆ ವರದಿ ಕೊಟ್ಟಳು.

ಬರೀ ವೇಷ ಸಾಕೇ? ಸಲಹೆಯೂ ಹೋಗಬೇಕು. ರುಫಿನೋಗೆ ದಿನಾ ಫೋನಿನಲ್ಲಿ ತರಬೇತಿ. "ಭಾಷಣ ಕಮ್ಮಿ ಮಾಡಿ. ಮನೆ ಮನೆಗೆ ಹೋಗಿ. ಬರಿಗೈಲಿ ಹೋಗ್ಬೇಡಿ, ಮನೆಗೊಂದು ಗಿಡ ಕೊಡಿ. ಗಿಡ ಬೆಳೆದ ಹಾಗೆ ಪಕ್ಷ ಬೆಳೆಯುತ್ತೆ!" ಪಾಪ, ಅವನು ಹೇಳಿದ ಮಾತು ಕೇಳುವ ಜಾತಿ. ಟೊಮ್ಯಾಟೊ ಕಳಿಸಿದಷ್ಟೇ ಶ್ರದ್ಧೆಯಿಂದ ಊರಿಗೆಲ್ಲ ಸಸಿ ಹಂಚಿದ.

ಮುಂದಿನ ವಾರ ಫೋನ್ ಬಂತು. "ಮೇಡಮ್, ಒಂದು ಗಿಡಾನೂ ಉಳೀಲಿಲ್ಲ. ಮೇಕೆಗಳು ತಿಂದುಹಾಕಿದವು."

ಪಕ್ಷದ ಪ್ರಚಾರವನ್ನು ಪಕ್ಷದ ಚಿಹ್ನೆಯೇ ಮೇಯ್ದುಬಿಟ್ಟಿತ್ತು! ಚಿಕ್ಕಪ್ಪ ಪೇಪರ್ ಕೆಳಗಿಟ್ಟು ನಕ್ಕ ನಗೆಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. "ನಮ್ಮ ವಿರೋಧ ಪಕ್ಷಕ್ಕೆ ಕೆಲಸಾನೇ ಇಲ್ವಲ್ಲೇ, ಎಲ್ಲ ನೀವೇ ಮಾಡ್ಕೊಳ್ತೀರಿ!"

"ನಗಿ, ನಗಿ. ಗೆದ್ದ ಮೇಲೆ ಮಾತಾಡೋಣ" ಅಂದಳು ಚಿಕ್ಕಮ್ಮ.

ಮತದಾನ ಅಲ್ಲಿಯ ಶುಕ್ರವಾರ. ಅಲ್ಲಿ ರಾತ್ರಿ ಎಣಿಕೆ ಅಂದರೆ ನಮಗೆ ಶನಿವಾರದ ತಿಂಡಿ ಹೊತ್ತು. ನಾನು ಹೋಗುವಷ್ಟರಲ್ಲಿ ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಹಳದಿ ಟೀ ಶರ್ಟ್ ಹಾಕಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ದ್ವೀಪದ ರೇಡಿಯೋ ಇಂಟರ್ನೆಟ್ಟಿನಲ್ಲಿ ಬರುತ್ತಿತ್ತು. ಡಚ್ಚಿಗೂ ಸ್ಪ್ಯಾನಿಷ್ಷಿಗೂ ಸೇರಿಸಿ ಒಗ್ಗರಣೆ ಹಾಕಿದಂಥ ಭಾಷೆ. ಚಿಕ್ಕಮ್ಮನಿಗೆ ಅರ್ಥವಾಗುತ್ತಿದ್ದದ್ದು ಪಕ್ಷದ ಹೆಸರು, ರುಫಿನೋ ಹೆಸರು ಮತ್ತು 'ಥ್ಯಾಂಕ್ಸ್' ಅನ್ನುವ ಅರ್ಥದ ಪದ, ಮೂರೇ. ನಡುನಡುವೆ ರೇಡಿಯೋ ನಿಂತುಹೋಗುವುದು. ಆಗೆಲ್ಲ ಚಿಕ್ಕಮ್ಮನ ಉಸಿರೂ ನಿಲ್ಲುವುದು.

"ಅಂಕಿ ಹೇಳ್ತಿದ್ದಾನೆ ಕಣೇ! ಅವನ ಹೆಸರು ಬಂತು!"

"ಎಷ್ಟಂತೆ?"

"ಅದು ಗೊತ್ತಾಗಲಿಲ್ಲ. ದನಿ ಮಾತ್ರ ಖುಷಿಯಾಗಿತ್ತು."

ಖುಷಿಯಾಗಿದ್ದದ್ದು ಬೇರೆಯವರ ಗೆಲುವಿಗೆ. ಇಡ್ಲಿ ಆರಿ ಕಲ್ಲಾಗುವ ಹೊತ್ತಿಗೆ ವೆಬ್‌ಸೈಟಿನಲ್ಲಿ ಪಟ್ಟಿ ಬಂತು. ಪಕ್ಷದ ಹೆಸರಿನ ಮುಂದೆ ಸೊನ್ನೆ. ಇದ್ದ ಒಂದು ಸೀಟೂ ಹೋಗಿತ್ತು. ಚಿಕ್ಕಮ್ಮ ಪುಟವನ್ನು ರಿಫ್ರೆಶ್ ಮಾಡಿದಳು. ಮತ್ತೆ ಮಾಡಿದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು.  ಚಿಕ್ಕಪ್ಪ ಪೇಪರ್ ಎತ್ತಿಕೊಳ್ಳಲಿಲ್ಲ.

ಆಗ ಚಿಕ್ಕಮ್ಮನ ಫೋನ್ ರಿಂಗ್ ಆಯಿತು. ರುಫಿನೋ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟಳು.

"ಮೇಡಮ್, ಸಾರಿ" ಅಂದಿತು ಆ ಕಡೆಯ ದನಿ. "ಪಾರ್ಟಿ ಆಫೀಸಲ್ಲಿ ನಾನೊಬ್ಬನೇ ಇದೀನಿ. ಎಲ್ಲರೂ ಹೊರಟು ಹೋದ್ರು. ಹೊರಗೆ ಗೆದ್ದೋರ ಮೆರವಣಿಗೆ ಬರ್ತಾ ಇದೆ. ಅದರ ಮಧ್ಯೆ ನಡ್ಕೊಂಡು ಹೋಗೋಕೆ ಯಾಕೋ ಧೈರ್ಯ ಬರ್ತಿಲ್ಲ."

ನಿಜವಾಗಿಯೂ ಪಟಾಕಿಯ ಸದ್ದು ಕೇಳಿಸುತ್ತಿತ್ತು. ಸೆರಂಗೂನಿನ ಬೆಳಗಿನ ಬಿಸಿಲಲ್ಲಿ, ಆರಿದ ಇಡ್ಲಿಗಳ ಮಧ್ಯೆ, ಎಲ್ಲಿಯದೋ ಪಟಾಕಿ.

ಚಿಕ್ಕಮ್ಮ ಸೋಲಿನ ಮಾತೇ ಎತ್ತಲಿಲ್ಲ. "ಮನೆ ಎಷ್ಟು ದೂರ?" ಅಂತ ಕೇಳಿದಳು.

"ಚರ್ಚ್ ದಾಟಿ, ಮಾರ್ಕೆಟ್ಟಿನ ಹಿಂದೆ."

"ದೀಪ ಆರಿಸಿ, ಬೀಗ ಹಾಕಿ. ಫೋನ್ ಕಟ್ ಮಾಡ್ಬೇಡಿ. ನಾನು ಜೊತೆಗೆ ಬರ್ತೀನಿ."

ಬೀಗದ ಸದ್ದು ಕೇಳಿತು. ಆಮೇಲೆ ಹೆಜ್ಜೆಯ ಸದ್ದು. ಮೆರವಣಿಗೆಯ ಡೋಲು ಹತ್ತಿರ ಬಂತು, ಯಾರೋ ಅವನ ಹೆಸರು ಕೂಗಿದರು, ಯಾರೋ ನಕ್ಕರು. ಅಷ್ಟೂ ಹೊತ್ತು ಚಿಕ್ಕಮ್ಮ ಫೋನಿಗೆ ಬಾಗಿ, ಕಾಲೇಜಲ್ಲಿ ತನಗೆ ಹಾಡಿನ ಸ್ಪರ್ಧೆಯಲ್ಲಿ ಸ್ವರ ಮರೆತುಹೋದ ಕತೆ, ಮದುವೆಯಲ್ಲಿ ಚಿಕ್ಕಪ್ಪ ಹಸೆಮಣೆಯಿಂದ ಜಾರಿದ ಕತೆ, ಬಾಯಿಗೆ ಬಂದದ್ದೆಲ್ಲ ಬಿಡದೆ ಹೇಳುತ್ತಾ ಹೋದಳು. ಡೋಲು ಹಿಂದೆ ಬಿತ್ತು. ಅವನು ಒಂದು ಸಲ ನಕ್ಕ.

"ಸರ್" ಅಂದರು ಇದ್ದಕ್ಕಿದ್ದಂತೆ ಚಿಕ್ಕಪ್ಪ. ಫೋನಿನ ಹತ್ತಿರ ಬಾಯಿ ತಂದು, ಕ್ಲಾಸಿನಲ್ಲಿ ಮಾತಾಡುವ ಇಂಗ್ಲಿಷಿನಲ್ಲಿ, "ನನಗೆ ಅಲ್ಲಿ ಓಟಿದ್ದಿದ್ದರೆ ನಿಮಗೇ ಹಾಕ್ತಿದ್ದೆ."

 ಆ ಕಡೆ ಮೆಟ್ಟಿಲು ಹತ್ತುವ ಸದ್ದು. ಬಾಗಿಲು ತೆರೆಯಿತು. ಹೆಂಗಸೊಬ್ಬಳು ಏನೋ ಮೆಲ್ಲಗೆ ಅಂದಳು. ನಮಗ್ಯಾರಿಗೂ ಆ ಭಾಷೆ ಬಾರದು. ಆದರೂ ಒಳಗೆ ಬಾ, ಊಟ ಮಾಡು ಅಂದಳು ಅಂತ ನಮಗೆ ಮೂವರಿಗೂ ಗೊತ್ತಾಯಿತು.

"ತಲುಪಿದರು" ಅಂದಳು ಚಿಕ್ಕಮ್ಮ, ಆಮೇಲೆ ಸದ್ದಾಗದ ಹಾಗೆ ಫೋನ್ ಕಟ್ ಮಾಡಿದಳು.