ತಾರ್ನಾಕದ ತನಾಕಾ ಸಾಹೇಬರ ಸೂಟಿ

ಅಕ್ಷರ ಕೋಳಿ ಕೆದರಿದಂತಿದೆ, ಮಾತೂ ಬಡವು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಶಿವಗಂಗಾಳ ಪಾಡನ್ನು ತಪ್ಪಿಲ್ಲದೆ ಬರೆಯಬೇಕೆಂದು ಅಳಿಸಿ ಅಳಿಸಿ ಹಾಳೆಯೇ ತೂತಾಗಿದೆ.

ಯಾದಗಿರಿ ಕಡೆಯ ಶಿವಗಂಗಾ ಹೈದರಾಬಾದಿನ ತಾರ್ನಾಕದಲ್ಲಿ ಜಪಾನಿನ ತನಾಕಾ ಸಾಹೇಬರ ಮನೆಯಲ್ಲಿ ಅಡುಗೆಗಿದ್ದಳು. ಸಾಹೇಬರು ದೇವರಂಥವರು, ಸಾರಿಗೆ ಉಪ್ಪು ಹೆಚ್ಚಾದರೂ ಸೊಂಟ ಬಗ್ಗಿಸಿ ನಮಸ್ಕರಿಸುವವರು. ಅವಳ ಹೊಟ್ಟೆ ಉರಿಸಿದ್ದು ಅವರ ಸೂಟಿ. ನಮ್ಮ ದಸರೆಗೂ ಇಲ್ಲಿಯ ಬೋನಾಲು ಹಬ್ಬಕ್ಕೂ ಆಫೀಸಿಗೆ ರಜೆ; ಮೇಲೆ ತಮ್ಮ ದೇಶದ ಲೆಕ್ಕದಲ್ಲಿ ಬೆಟ್ಟಕ್ಕೊಂದು, ಮುದುಕರಿಗೊಂದು, ಸಮುದ್ರಕ್ಕೊಂದು! (ಹೈದರಾಬಾದಿಗೆ ಸಮುದ್ರ ಎಲ್ಲಿಂದ ಬರಬೇಕು?) ಅಂದೆಲ್ಲ ಅವರು ಮನೆಯಲ್ಲೇ ಕೂತು, ದಪ್ಪ ಪುಸ್ತಕ ಹಿಡಿದು ಅಚ್ಚ ತೆಲುಗು ಕಲಿಯುತ್ತಿದ್ದರು. ಇವಳು ಮೂರು ಹೊತ್ತೂ ಬೇಯಿಸಬೇಕು.

"ಪರದೇಶಿ ಅಂತ ಅವರಿಗೆ ಎರಡೆರಡು ದೇಶದ ಸೂಟಿ. ನಾನೂ ಈ ಊರಿಗೆ ಪರದೇಶಿನೇ ಅಲ್ಲೇನ್ರೀ? ಎಳ್ಳಮಾಸಿ ಹಬ್ಬಕ್ಕೆ ನನಗೂ ಒಂದಿನ ಸೂಟಿ ಬೇಕು!" ಎಂದು ಗಂಡನ ಮುಂದೆ ಗುಡುಗಿದಳು.

ಗಾರೆ ಕೆಲಸದ ಗೌಂಡಿ, ಗಂಡ ಸಾಯಿಕುಮಾರ ನಕ್ಕ. "ಕೇಳು ಹೋಗು. ಆದ್ರ ಸೂಟಿ ಅನಬ್ಯಾಡ, ತೆಲುಗಿನ್ಯಾಗ ಸೂಟಿ ಅಂದ್ರ 'ನೆಟ್ಟಗ' ಅಂತ. ನಮ್ಮ ಸೂಟಿಗೆ ಅವರು ಸೆಲವು ಅಂತಾರ. 'ಇಕ ಸೆಲವು' ಅನ್ನು. ಸಿನಿಮಾದಾಗ ಕೇಳೀನಿ."

"ಭಾಳ ಶಾಣ್ಯಾ ಅದೀರಿ ಬಿಡ್ರಿ!"

ಹಬ್ಬದ ಹಿಂದಿನ ದಿನ ದಾರಿಯುದ್ದಕ್ಕೂ ಮಂತ್ರದಂತೆ ಜಪಿಸುತ್ತ ಹೋಗಿ, ಕೈಮುಗಿದು ಅಂದಳು: "ಇಕ ಸೆಲವು."

ಸಾಹೇಬರು ಪುಸ್ತಕ ತಿರುವಿದರು. ಕಣ್ಣು ಒದ್ದೆಯಾಯಿತು. ಆಮೇಲೆ ಅವಳು ದಿನಾ ಅನ್ನ ಮಾಡುತ್ತಿದ್ದ ಕರೆಂಟಿನ ಕುಕ್ಕರನ್ನೇ ಹೂವಿನ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟು, ನೆಲ ಮುಟ್ಟುವಷ್ಟು ಬಾಗಿದರು. ಒಂದು ದಿನದ ಸೂಟಿಗೆ ಇಷ್ಟು ಮರ್ಯಾದೆಯೇ ಎಂದು ಶಿವಗಂಗಾ ನೆಲಕ್ಕೆ ಕಾಲು ತಾಗದಂತೆ ಮನೆಗೆ ಬಂದಳು.

ಎಳ್ಳಮಾಸಿ ಭರ್ಜರಿಯಾಯಿತು. ಮರುದಿನ ಬೆಳಗಾಗುತ್ತಲೇ ಸಾಹೇಬರ ಕಟ್ಟಡದ ವಾಚ್‌ಮನ್, ಅವಳ ಊರ ಕಡೆಯವನೇ ಆದ ಹುಸೇನಪ್ಪ ಬಾಗಿಲಿಗೆ ಬಂದ.

"ಏನವಾ, ನೌಕರಿ ಬಿಟ್ಟೆಂತಲ್ಲ? ಸಾಹೇಬ ಬರೇ ಬಿಸ್ಕೀಟ್ ತಿಂದು ಕುಂತಾನ. ಹೊಸ ಅಡಗಿಯಾಕಿನ್ನ ಹುಡುಕು ಅಂದಾನ."

"ನಾ ಸೂಟಿ ಕೇಳಿದ್ದೆ ಯಣ್ಣಾ!"

"'ಇಕ ಸೆಲವು' ಅಂದ್ರ 'ನಾ ಇನ್ನ ಹೊಂಟೆ, ಶರಣು' ಅಂತವಾ!"

ಶಿವಗಂಗಾ ಗಂಡನನ್ನು ದುರುಗುಟ್ಟಿ ನೋಡಿದಳು. ಸಾಯಿಕುಮಾರ ತಲೆ ಕೆರೆದುಕೊಂಡ. "ಹೌದಲೇ... ಸಿನಿಮಾದಾಗ ಹಂಗಂದಾಕಿ ತಿರುಗಿ ಬರಲೇ ಇಲ್ಲ. ಈಗ ನೆನಪಾತು."

ಕುಕ್ಕರು ಕಂಕುಳಲ್ಲಿ, ಉಳಿದ ಕಡಬು ಕೈಯಲ್ಲಿ, ಸಾಹೇಬರ ಮನೆಗೆ ಓಡಿದಳು. ಬಿಡಿಸಿ ಹೇಳಲು ಭಾಷೆ ಸಾಲದೆ, ಸುಮ್ಮನೆ ಅಕ್ಕಿ ತೊಳೆಯಲು ಕೂತಳು. ಸಾಹೇಬರು ಕಡಬು ತಿಂದು ಬಾಗಿದರು, ಇನ್ನೊಂದು ತಿಂದು ಮತ್ತೆ ಬಾಗಿದರು. ಅವಳ ಹಿಂದೆಯೇ ಬಂದಿದ್ದ ಹುಸೇನಪ್ಪನಿಗೆ ತೆಲುಗಿನಲ್ಲಿ ಏನೋ ಹೇಳಿದರು.

"ನೀ ತಿರುಗಿ ಬಂದ ಖುಷಿಗೆ ಸಾಹೇಬರು ನಾಳೆ ಸೂಟಿ ಹಾಕ್ಯಾರ," ಎಂದ ಹುಸೇನಪ್ಪ. "ದೋಸ್ತರನ್ನೂ ಊಟಕ್ಕ ಕರದಾರ."

ಅವರಿಗೆ ಮತ್ತೊಂದು ಸೂಟಿ! ಆದರೂ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಒಲೆಯ ಕಿಚ್ಚು ಉಳಿಯಿತಲ್ಲ, ದೇವರು ದೊಡ್ಡವನು. ನಾಳೆ ಶಿವಗಂಗಾ ಬೇಗ ಹೋಗಿ ಅವರಿಗೆಲ್ಲ ರೊಟ್ಟಿ ಬಡಿಯುತ್ತಾಳೆ.