ಜೀವಶಾಸ್ತ್ರ ವಿಭಾಗದ ಮದ್ದುಪಾಯಸ

ದೇವರು ನಗಬೇಕು ಅನ್ನಿಸಿದಾಗಲೆಲ್ಲ ನಮ್ಮ ಪ್ರಯೋಗಶಾಲೆಯ ಕಿಟಕಿಯಲ್ಲಿ ಒಮ್ಮೆ ಇಣುಕುತ್ತಿದ್ದನೇನೋ. ಇಲ್ಲದಿದ್ದರೆ ಇಷ್ಟೆಲ್ಲ ಒಂದೇ ಕೋಣೆಯಲ್ಲಿ, ಒಂದೇ ವರ್ಷದಲ್ಲಿ ನಡೆಯಲು ಸಾಧ್ಯವಿರಲಿಲ್ಲ.

ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ರಾಜ್ಯ. ಮಡಿಕೇರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ವಿಭಾಗ ಹೊಸದಾಗಿ ತೆರೆದಿದ್ದರು. ನಾನು ಅಲ್ಲಿ ಅಟೆಂಡರ್. ಒಂದು ವರ್ಷ ನಡೆಸಿ ತೋರಿಸಿ, ಆಮೇಲೆ ಬಂದು ನೋಡುತ್ತೇವೆ, ಹಿಡಿಸಿದರೆ ಉಂಟು, ಇಲ್ಲವಾದರೆ ಬಾಗಿಲು ಮುಚ್ಚಿ ಎಂದು ವಿಶ್ವವಿದ್ಯಾಲಯದವರು ಬರೆದಿದ್ದರು. ನಮ್ಮ ಮಕ್ಕಳು ಡಾಕ್ಟರಾಗಬೇಕಾದರೆ ಮೊದಲ ಪಾಠಕ್ಕೇ ಘಟ್ಟ ಇಳಿಯುವುದು ತಪ್ಪಲಿ ಎಂದು ನಾನು ದಿನಾ ಕಾವೇರಮ್ಮನಿಗೆ ಕೈ ಮುಗಿಯುತ್ತಿದ್ದೆ. ಬೆಳಿಗ್ಗೆ ಬೀಗ ತೆಗೆದರೆ ನನಗಿಂತ ಮೊದಲು ಮಂಜು ಒಳಗೆ ಬಂದು ಬೆಂಚುಗಳ ಮೇಲೆ ಕೂತಿರುತ್ತಿತ್ತು. ಗಾಜಿನ ಜಾಡಿಗಳೆಲ್ಲ ಮಸುಕು ಮಸುಕು, ಗರ್ಭಗುಡಿಯ ದೀಪಗಳ ಹಾಗೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದೆ. ಯಾರೂ ಹೇಳಿದ್ದಲ್ಲ.

ಹೊಸ ಜೀವಕೋಶ

ಮೇಷ್ಟ್ರು ಮೈಸೂರು ಕಡೆಯವರು. ಜಡಿಮಳೆಯ ಆಟಿ ತಿಂಗಳು ಕಳೆದ ಮೇಲೆ ಬಂದು ಕೆಲಸಕ್ಕೆ ಸೇರಿದರು. ಅವರು ಬಂದ ಕೆಲವೇ ದಿನಕ್ಕೆ ಕೈಲ್ ಮುಹೂರ್ತ ಬಂತು. ಮನೆಮನೆಯಲ್ಲಿ ಕೋವಿ, ಕತ್ತಿ ತೊಳೆದಿಟ್ಟು ಗಂಧ ಹಚ್ಚಿ, ಹೂವೇರಿಸುವ ಹಬ್ಬ. ನಮ್ಮ ವಿಭಾಗಕ್ಕೆ ಆಯುಧ ಯಾವುದು? ಇದ್ದದ್ದು ಒಂದೇ ಒಂದು ಸೂಕ್ಷ್ಮದರ್ಶಕ. ಅದಕ್ಕೆ ಭಕ್ತಿಯಿಂದ ಗಂಧ ಹಚ್ಚಿ, ಕುಂಕುಮ ಇಟ್ಟು, ಕೋವಿಯ ಬಾಯಿಗೆ ಏರಿಸುವ ಕೆಂಪು ಕೋವಿ ಹೂವು ಸಿಕ್ಕಿಸಿ ನಮಸ್ಕಾರ ಮಾಡಿದೆ.

ಮರುದಿನ ಮೇಷ್ಟ್ರು ಈರುಳ್ಳಿ ಸಿಪ್ಪೆ ಇಟ್ಟು ಒಳಗೆ ನೋಡಿದರು. ನೋಡಿದರು, ನೋಡುತ್ತಲೇ ಇದ್ದರು.

"ಇಂಥ ಕೋಶ ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ! ಹಳದಿ ಹಳದಿ ಮೋಡದ ಹಾಗಿದೆ. ಇಲ್ಲಿಯ ಹವೆಯ ಗುಣವಿರಬೇಕು."

ಬೋರ್ಡಿನ ಮೇಲೆ ಚಿತ್ರ ಬರೆದರು. ಹುಡುಗರು, ಹುಡುಗಿಯರು ಎಲ್ಲ ಶ್ರದ್ಧೆಯಿಂದ ನಕಲು ಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಸಾರ್, ಅದು ಗಂಧ. ಭಾಗಮಂಡಲದ್ದು."

ಮೇಷ್ಟ್ರು ಮೆಲ್ಲನೆ ಬೋರ್ಡ್ ಒರೆಸಿದರು. ಆದರೆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಮೂವರು ಆ ಚಿತ್ರವನ್ನೇ ಬರೆದಿದ್ದರು. ಮೇಷ್ಟ್ರು ಮೂವರಿಗೂ ಅರ್ಧರ್ಧ ಅಂಕ ಕೊಟ್ಟರು. "ತಪ್ಪು ನನ್ನದು, ಗಂಧ ದೇವರದ್ದು. ಸೊನ್ನೆ ಹಾಕುವುದು ಹೇಗೆ ಗೌಡ್ರೇ?" ಎಂದು ನನ್ನನ್ನೇ ಕೇಳಿದರು.

ಬಕೆಟಿನಲ್ಲಿ ಮಳೆ

ಮುಂದಿನ ಮುಂಗಾರಿನಲ್ಲಿ, ಕೊಯ್ದು ಪಾಠ ಮಾಡಲು ಒಂದು ಡಜನ್ ಕಪ್ಪೆ ಬೇಕೆಂದರು. ಗಾಳಿಬೀಡಿನ ಗದ್ದೆಯಿಂದ ಹಿಡಿದು ತಂದು ಬಕೆಟಿನಲ್ಲಿಟ್ಟೆ. ಆದರೆ ಕೊಲ್ಲಲು ಮನಸ್ಸು ಬರಬೇಕಲ್ಲ! ಇವತ್ತು ಸೋಮವಾರ ಸಾರ್ ಎಂದೆ. ಮರುದಿನ ಏಕಾದಶಿ ಎಂದೆ. ಅದರ ಮರುದಿನ ಅಮ್ಮ ತೀರಿಹೋದ ವಾರ ಎಂದೆ. ಅಷ್ಟರಲ್ಲಿ ಮಳೆ ಹೊಳವಾಗಿ ಮೂರು ದಿನ ಬಿಸಿಲು ಬಿತ್ತು.

ನಾಲ್ಕನೆಯ ದಿನ ಆ ಗದ್ದೆಯ ಯಜಮಾನರೇ ಬಾಗಿಲಲ್ಲಿ ನಿಂತಿದ್ದರು.

"ಮಳೆ ಕರೆಯೋರನ್ನೆಲ್ಲ ಬಕೆಟಿಗೆ ತುಂಬಿಕೊಂಡು ಕೂತರೆ ನಾವು ನಾಟಿ ಮಾಡೋದು ಹೇಗೆ ಸ್ವಾಮಿ?"

"ಕಪ್ಪೆಗೂ ಮಳೆಗೂ ಸಂಬಂಧವಿಲ್ಲ ಯಜಮಾನ್ರೇ," ಎಂದರು ಮೇಷ್ಟ್ರು.

"ಸಂಬಂಧ ಇಲ್ದಿದ್ರೆ ಬಿಟ್ಟುಬಿಡಿ. ನಿಮಗೇನು ನಷ್ಟ?"

ಮೇಷ್ಟ್ರು ಬಕೆಟಿನತ್ತ ಕೈ ತೋರಿಸಿದರು. ನಾನು ಒಳಗೊಳಗೇ ದೇವರಿಗೆ ವಂದಿಸಿ ಬಕೆಟ್ ಎತ್ತಿಕೊಂಡು ಹೋಗಿ ಎಲ್ಲವನ್ನೂ ಬಿಟ್ಟು ಬಂದೆ. ಅದೇ ಮಧ್ಯಾಹ್ನ ಹಿಡಿದ ಮಳೆ ಎಂಟು ದಿನ ಬಿಡಲಿಲ್ಲ. ಒಂಬತ್ತನೆಯ ದಿನ ಯಜಮಾನರು ತಲೆಗೆ ಎಲೆಯ ಗೊರಬು ಹೊದ್ದು, ತೊಟ್ಟಿಕ್ಕುತ್ತಾ ಮತ್ತೆ ಬಂದರು.

"ಎಲ್ಲಾನೂ ಬಿಡಬಾರದಿತ್ತು ಗೌಡ್ರೇ. ಬದು ಒಡೆದುಹೋಯ್ತು. ಒಂದು ಆರು ವಾಪಸ್ ಹಿಡ್ಕೊಳ್ಳಿ."

ತಪಾಸಣೆ

ಕೊನೆಗೂ ವಿಶ್ವವಿದ್ಯಾಲಯದ ಇಬ್ಬರು ಜೀಪಿನಲ್ಲಿ ಬಂದರು. ಹಿರಿಯರು ಬಹಳ ಬಿಗಿ. ಕಿರಿಯರು ಹಿರಿಯರು ಹೇಳಿದ್ದಕ್ಕೆಲ್ಲ ತಲೆದೂಗುವವರು.

"ಸೂಕ್ಷ್ಮದರ್ಶಕ ಎಷ್ಟು?"

"ಒಂದು ಸಾರ್."

"ಇದರ ಮೇಲೇನು, ಕುಂಕುಮವೇ? ಇರಲಿ. ಕಪ್ಪೆಗಳೆಲ್ಲಿ?"

"ಗದ್ದೆಯಲ್ಲಿವೆ ಸಾರ್," ಎಂದೆ ನಾನು.

ಹಿರಿಯರು ಪುಸ್ತಕ ಮುಚ್ಚಿದರು. ಮೇಷ್ಟ್ರು ಕಡೆಯ ಪ್ರಯತ್ನ ಮಾಡಿದರು. "ಸಾರ್, ಇಲ್ಲಿಯ ಮಕ್ಕಳು ಕಾಡಿನ ಒಂದೊಂದು ಸೊಪ್ಪನ್ನೂ ಬಲ್ಲರು."

"ಅಜ್ಜಿ ಮದ್ದು ವಿಜ್ಞಾನವಲ್ಲ. ನನ್ನ ಅಭಿಪ್ರಾಯ ನಾಳೆ ಬೆಳಿಗ್ಗೆ ಬರೆದು ಕೊಡುತ್ತೇನೆ."

ಏನು ಬರೆಯುತ್ತಾರೆಂದು ಅವರ ಮುಖವೇ ಹೇಳುತ್ತಿತ್ತು. ನಾನು ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿ ಕೂತೆ. ಅಂದು ಆಟಿಯ ಹದಿನೆಂಟನೆಯ ದಿನ. ಮದ್ದುಸೊಪ್ಪಿಗೆ ಹದಿನೆಂಟು ಔಷಧದ ಗುಣ ಕೂಡಿ ಬರುವ ದಿನವೆಂದು ನಮ್ಮ ನಂಬಿಕೆ. ಹೆಂಡತಿ ಆ ಸೊಪ್ಪಿನ ರಸದಲ್ಲಿ ಪಾಯಸ ಮಾಡಿದ್ದಳು. ಸಂಜೆಯ ಆಕಾಶವನ್ನು ಅದ್ದಿ ತೆಗೆದ ಹಾಗೆ ನೇರಳೆ ಬಣ್ಣ, ಮನೆಯೆಲ್ಲ ಘಮ.

"ಸಿಟ್ಟು ಮಾಡಿಕೊಂಡವರೂ ಅತಿಥಿಗಳೇ ಅಲ್ವಾ? ತಗೊಂಡು ಹೋಗಿ," ಎಂದಳು.

ಅವರಿಬ್ಬರು ಇಳಿದುಕೊಂಡಿದ್ದ ಸರ್ಕಾರಿ ಬಂಗಲೆಗೆ ಒಯ್ದೆ. ಮೇಷ್ಟ್ರು ಅಲ್ಲೇ ಇದ್ದರು. ಮೂವರೂ ತಿಂದರು. ಹಿರಿಯರು ಮೂರು ಬಟ್ಟಲು. ನಾನು ಸಂತೋಷದಲ್ಲಿ ಒಂದು ಮಾತು ಹೇಳುವುದನ್ನು ಮರೆತೆ.

ಬೆಳಿಗ್ಗೆ ಬಂಗಲೆಯ ವಾಚ್‌ಮನ್ ಓಡುತ್ತಾ ಬಂದ. "ಅಣ್ಣಾ, ದೊಡ್ಡ ಸಾಹೇಬ್ರು ಮನೆಯವರಿಗೆ ಟೆಲಿಗ್ರಾಂ ಬರೀತಿದ್ದಾರೆ, 'ಕೂಡಲೇ ಬನ್ನಿ' ಅಂತ!"

ನಾನು ಹೋಗುವಾಗ ಮೇಷ್ಟ್ರು ಆಗಲೇ ಅಲ್ಲಿ ಬಿಳಿಚಿಕೊಂಡು ನಿಂತಿದ್ದರು. ಹಿರಿಯರು ಹಾಸಿಗೆಯಲ್ಲಿ.

"ನನ್ನ ಮೂತ್ರಪಿಂಡ ಹೋಯಿತು," ಎಂದರು ಕ್ಷೀಣವಾಗಿ. "ಕೆಂಪು! ಅಚ್ಚ ಕೆಂಪು!"

"ನನಗೂ ಸಾರ್," ಎಂದರು ಕಿರಿಯರು. ಆಗಲೂ ತಲೆದೂಗಿಯೇ.

"ನನಗೂ," ಎಂದು ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

ನಾನು ಎರಡೂ ಕೈ ಎತ್ತಿ ಮುಗಿದೆ. "ಕಾವೇರಮ್ಮನ ದಯೆ! ಮೂವರಿಗೂ ಮದ್ದು ಹಿಡಿದಿದೆ!"

ಮೂವರೂ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಪಾಯಸ ತಿಂದ ಮರುದಿನ ಕೆಂಪಾಗುವುದೇ ಅದರ ಗುಣ, ಇಡೀ ಕೊಡಗಿಗೆ ಇವತ್ತು ಹೀಗೇ ಎಂದು ವಿವರಿಸಿದೆ. ಹಿರಿಯರು ಎದ್ದು ಕೂತರು. ಟೆಲಿಗ್ರಾಂ ಹರಿದರು. ರೋಗಿ ಹೋಗಿ ವಿಜ್ಞಾನಿ ಬಂದ.

"ಆ ಗಿಡ ತೋರಿಸಿ."

ಬಂಗಲೆಯ ಹಿಂದೆ, ಬೇಲಿಯಲ್ಲೇ ಇತ್ತು. ಕೊಡೆ ಹಿಡಿದುಕೊಂಡು ಮಗುವಿನ ಹಾಗೆ ಬಗ್ಗಿ ಎಲೆ ತಿರುಗಿಸಿ ತಿರುಗಿಸಿ ನೋಡಿದರು. "ವೈಜ್ಞಾನಿಕ ಹೆಸರೇನು?"

ಮೇಷ್ಟ್ರು ನೆಲ ನೋಡಿದರು. "ಗೊತ್ತಿಲ್ಲ ಸಾರ್. ಅದನ್ನು ಕಲಿಯೋದಕ್ಕೇ ಈ ವಿಭಾಗ ಬೇಕಾಗಿರೋದು."

ಹಿರಿಯರು ಒಂದು ಎಲೆ ಕಿತ್ತು ಜೇಬಿನಲ್ಲಿ ಇಟ್ಟುಕೊಂಡರು. ಮಂಜು ಬೇಲಿ ದಾಟಿ ಬಂದು ನಮ್ಮ ನಾಲ್ವರಿಗೂ ಒಂದೇ ಕಂಬಳಿ ಹೊದೆಸಿತು. ಆಮೇಲೆ ಹಿರಿಯರು ಒಳಗೆ ಹೋಗಿ, ರಾತ್ರಿಯೇ ಬರೆದಿಟ್ಟಿದ್ದ ಹಾಳೆ ಹರಿದು, ವಿಭಾಗ ಮುಂದುವರಿಯತಕ್ಕದ್ದು ಎಂದು ಬರೆದರು.

ಜೀಪು ಹತ್ತುವಾಗ ನನ್ನನ್ನು ಮೆಲ್ಲನೆ ಪಕ್ಕಕ್ಕೆ ಕರೆದರು.

"ಮುಂದಿನ ವರ್ಷ ಬೇರೆ ಇಬ್ಬರು ಬರುತ್ತಾರೆ. ಇದೇ ದಿನಕ್ಕೆ ಕಳಿಸುತ್ತೇನೆ. ಅವರಿಗೂ ಪಾಯಸ ಕೊಡಿ," ಎಂದು ಸುತ್ತ ನೋಡಿ ದನಿ ತಗ್ಗಿಸಿದರು. "ಮೊದಲೇ ಏನೂ ಹೇಳಬೇಡಿ."