ಅತ್ತೆ ಅರ್ಧ ಮಾಡಿದ ಕೋರ್ಸು

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದೇ ಒಂದು ಇಡೀ ಇಡ್ಲಿ ತಿಂದವಳಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ಭದ್ರಾವತಿಯ ನ್ಯೂ ಟೌನಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬಡತನವಲ್ಲ, ಪಥ್ಯವಲ್ಲ, ವ್ರತವೂ ಅಲ್ಲ. ಕೈಗೆ ಬಂದದ್ದನ್ನು ಎರಡು ಪಾಲು ಮಾಡದೆ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೆ. ಫ್ಯಾಕ್ಟರಿಯಲ್ಲಿದ್ದ ನಮ್ಮ ಮಾವ ಶಿಫ್ಟ್ ಮುಗಿಸಿ ಬಂದರೆ ಅವರಿಗೂ ಬೈಟು ಕಾಫಿಯೇ! "ನನ್ನ ಮನೇಲೇ ನಂಗೊಂದು ಫುಲ್ ಕಾಫಿ ಇಲ್ವಲ್ಲ ಮಾರಾಯ" ಎಂದು ನನ್ನ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದರು. ಪಾಪ, ತುಂಬಿದ ಲೋಟ ಕಾಣದೆಯೇ ಹೋಗಿಬಿಟ್ಟರು.

ಅತ್ತೆಯ ಉಳಿದರ್ಧಕ್ಕೆ ಕಾಯಂ ವಾರಸುದಾರಳು ಪಕ್ಕದ ಕ್ವಾರ್ಟರ್ಸಿನ ಸೆಲ್ವಿ. ಇಬ್ಬರ ಮನೆಗಳ ನಡುವೆ ಎದೆಯೆತ್ತರದ ಕಾಂಪೌಂಡು. ಈ ಕಡೆಯಿಂದ ಅರ್ಧ ಕಡುಬು ಹೋದರೆ ಆ ಕಡೆಯಿಂದ ಅರ್ಧ ಬಟ್ಟಲು ಪೊಂಗಲ್ ಬರುತ್ತಿತ್ತು. ಒಮ್ಮೆ ನಾನು ಅತ್ತೆಗೆ ರೇಷ್ಮೆ ಸೀರೆ ತಂದುಕೊಟ್ಟೆ. ಮರುದಿನವೇ ಅದರ ಬ್ಲೌಸ್ ಪೀಸು ಸೆಲ್ವಿಯ ಪಾಲಾಗಿತ್ತು! ಕೇಳಿದರೆ, "ಸೀರೇನೇ ಅರ್ಧ ಮಾಡೋಣ ಅಂತಿದ್ದೆ ಕಣೋ, ಉಡೋಕೆ ಇಬ್ಬರಿಗೂ ಸಾಲ್ತಿರ್ಲಿಲ್ಲ" ಎಂದಳು. ಸದ್ಯ, ಅಷ್ಟಾದರೂ ಹೊಳೆಯಿತಲ್ಲ!

ಹೀಗಿರುವಾಗ ಅತ್ತೆ ಒಂದು ಹುಳುಕು ಹಲ್ಲು ಕೀಳಿಸಿಕೊಂಡಳು. ಹಲ್ಲಿನ ಡಾಕ್ಟರು ಆಂಟಿಬಯೋಟಿಕ್ ಮಾತ್ರೆ ಬರೆದು, ಕೋರ್ಸ್ ಪೂರ್ತಿ ಮುಗಿಸಿ ಎಂದರು. ಪೂರ್ತಿಯಂತೆ! ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವರಿಗೇನು ಗೊತ್ತು? ಅದೇ ವಾರ ಸೆಲ್ವಿಯ ದವಡೆಯೂ ಊದಿಕೊಂಡಿತ್ತು. ಅತ್ತೆ ಕತ್ತರಿ ತಂದು ಮಾತ್ರೆಯ ಶೀಟನ್ನು ಸರಿಯಾಗಿ ಮಧ್ಯಕ್ಕೆ ಕತ್ತರಿಸಿ ಗೋಡೆ ದಾಟಿಸಿದಳು. "ನಂಗೆ ನೋವು ಹೋಯ್ತಲ್ಲ, ಇನ್ಯಾಕೆ ನುಂಗ್ಲಿ? ಅವಳಿಗಾದ್ರೂ ಆಗ್ಲಿ." ಸೆಲ್ವಿಯ ಊತ ಇಳಿಯಿತು. ಗೋಡೆಯ ಎರಡೂ ಕಡೆ ಅತ್ತೆಯ ವೈದ್ಯಕ್ಕೆ ಜೈಕಾರ!

ಆದರೆ ಅತ್ತೆ ಡಾಕ್ಟರಿಗೂ ಅರ್ಧವನ್ನೇ ಹೇಳಿದ್ದಳು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಅವಳ ಹೃದಯದ ಒಂದು ಕವಾಟ ಕೆಟ್ಟು, ಅಂದಿನಿಂದಲೂ ಸೋರುತ್ತಿತ್ತು. "ಹಲ್ಲಿಗೂ ಹಾರ್ಟಿಗೂ ಏನೋ ಸಂಬಂಧ?" ಎಂದು ಅದನ್ನು ಹೇಳದೆ ಬಿಟ್ಟಿದ್ದಳು.

ಸಂಬಂಧ ಇತ್ತು. ಸಂಜೆಯಾದರೆ ಚಳಿಜ್ವರ ಬರತೊಡಗಿತು, ಬರುತ್ತಾ ಬರುತ್ತಾ ಸೀರೆ ಅವಳ ಸೊಂಟದಲ್ಲಿ ನಿಲ್ಲದಂತಾಯಿತು. ಶಿವಮೊಗ್ಗದ ಕೋಟೆ ಏರಿಯಾದಲ್ಲಿರುವ ನಮ್ಮ ಮನೆಗೆ ಕರೆದುಕೊಂಡು ಬಂದು ಆಸ್ಪತ್ರೆಗೆ ಸೇರಿಸಿದೆ. ಎದೆಯ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಬಾಯಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ಗೂಡು ಕಟ್ಟಿದೆ. ಮಾತ್ರೆಗೆಲ್ಲ ಜಗ್ಗಲ್ಲ. ಆರು ವಾರ ನರಕ್ಕೇ ಔಷಧಿ ಕೊಡಬೇಕು. ಜ್ವರ ಬಿಟ್ಟಿತು ಅಂತ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ" ಎಂದರು.

ಮೊದಲ ಬಾಟ್ಲಿ ನೇತು ಹಾಕುತ್ತಿದ್ದಂತೆ ಅತ್ತೆ ನರ್ಸಿಗೆ ಹೇಳಿದಳು, "ಪಕ್ಕದ ಬೆಡ್ಡಿನ ಮಾಚೇನಹಳ್ಳಿಯವಳಿಗೆ ಏನೂ ಹಾಕಿಲ್ವಲ್ಲಮ್ಮ. ಇದ್ರಲ್ಲಿ ಅರ್ಧ ಅವಳಿಗೆ ಹಾಕು." ವಾರ್ಡೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವಳ ಜೊತೆ ನಾನು ಮನಸಾರೆ ನಕ್ಕಿದ್ದು ಅದೇ ಕೊನೆ.

ಜ್ವರ ಬಿಟ್ಟ ಕೂಡಲೇ ಅತ್ತೆ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು. "ಅರ್ಧ ಆಯ್ತಲ್ಲ, ಸಾಕು!" ಡಾಕ್ಟರಮ್ಮನಿಗೆ ಅನುಮಾನ ಬಂದು, ಹಲ್ಲಿನ ಮಾತ್ರೆಯ ಕಥೆಯನ್ನು ಕೆದಕಿ ಕೇಳಿದರು. ಅತ್ತೆ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. "ಪೂರ್ತಿ ತಗೊಂಡಿದ್ರೆ ಇದು ಬರ್ತಾನೇ ಇರ್ಲಿಲ್ಲ ಅಂತ ನಾನು ಹೇಳಲ್ಲಮ್ಮ. ಆದ್ರೆ ಅರ್ಧ ಔಷಧಿ ಕಾಯಿಲೇನ ಕೊಲ್ಲಲ್ಲ, ಅಡಗಿಸಿಡುತ್ತೆ. ಅಡಗಿಕೊಂಡೇ ಕವಾಟನ ತಿಂದುಹಾಕಿದೆ."

ಅವರು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡಳು. ತನ್ನ ಹೃದಯದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸೆಲ್ವಿಗೆ ಹೇಳ್ಬೇಡ ಕಣೋ. ನನ್ನ ಪಾಲು ತಿಂದುಬಿಟ್ಟೆ ಅಂತ ಸಾಯೋತನಕ ಕೊರಗ್ತಾಳೆ. ಆಣೆ ಮಾಡು." ಮಾಡಿದೆ. ಅಂದಿನಿಂದ ಮನೆಗೆ ಹೋಗುವ ಮಾತೆತ್ತಲಿಲ್ಲ. ನಾನು ಸುಲಿದು ಕೊಟ್ಟ ಕಿತ್ತಳೆಯಲ್ಲಿ ಅರ್ಧ ಎಂದಿನಂತೆ ನನ್ನ ಕೈಗೇ ಬರುತ್ತಿತ್ತು. ಔಷಧಿ ಮಾತ್ರ ಕೊನೆಯ ಹನಿ ಇಳಿಯುವವರೆಗೂ ಕಣ್ಣು ಕೀಳದೆ ನೋಡುತ್ತಿದ್ದಳು. ಕೊನೆಯ ಬಾಟ್ಲಿ ಖಾಲಿಯಾದಾಗ, "ನೋಡೋ, ಪೂರ್ತಿ ಮುಗಿಸ್ದೆ!" ಎಂದು ಮಗುವಿನಂತೆ ನಕ್ಕಳು.

ಕಾಯಿಲೆ ಸತ್ತಿತ್ತು. ಆದರೆ ಕವಾಟ ಉಳಿದಿರಲಿಲ್ಲ. ಆಪರೇಷನ್ನಿಗೆ ಬೇಕಾದಷ್ಟು ಶಕ್ತಿ ಬರಲೆಂದು ಕಾಯುತ್ತಿರುವಾಗಲೇ ಶ್ವಾಸಕೋಶದಲ್ಲಿ ನೀರು ತುಂಬಿ ಅತ್ತೆ ಹೋಗಿಬಿಟ್ಟಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ಮನೆಗೆ ಬೀಗ ಹಾಕಲು ನ್ಯೂ ಟೌನಿಗೆ ಹೋಗಿದ್ದೆ. ಗೋಡೆಯಾಚೆ ಸೆಲ್ವಿ ನಿಂತಿದ್ದಳು.

"ನಿಜ ಹೇಳು ತಮ್ಮಾ. ಅಕ್ಕನ ಮಾತ್ರೆ ನಾನು ತಿಂದಿದ್ದಕ್ಕಾ ಹೀಗಾಯ್ತು?"

"ಇಲ್ಲ ಸೆಲ್ವಕ್ಕಾ. ಅತ್ತೆಗೆ ಚಿಕ್ಕವಳಿದ್ದಾಗಿಂದ್ಲೂ ಹಾರ್ಟ್ ವೀಕು."

ಸುಳ್ಳೇನಲ್ಲವಲ್ಲ, ಅರ್ಧ ನಿಜ! ಸೆಲ್ವಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಅರ್ಧ ಬಟ್ಟಲು ಪೊಂಗಲ್ ತಂದು ಗೋಡೆಯ ಮೇಲಿಟ್ಟಳು. ಅಲ್ಲೇ ನಿಂತು ತಿಂದೆ.

ಸೆಲ್ವಿಗೆ ಕನ್ನಡ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆದಿದ್ದೇನೆ. ನ್ಯೂ ಟೌನಿನವರು ಯಾರಾದರೂ ಅವಳಿಗೆ ಓದಿ ಹೇಳುವುದಾದರೆ, ನಿಮಗೆ ಕೈ ಮುಗಿಯುತ್ತೇನೆ, ಸೀರೆಯ ಕಥೆ ಮುಗಿದ ಕೂಡಲೇ ನಿಲ್ಲಿಸಿಬಿಡಿ. ಅವಳಿಗೆ ಅರ್ಧ ಸಾಕು.